ಅಪ್‌ಗ್ರೇಡ್ ಅರ್ಧಕ್ಕೆ ನಿಂತಿತೇ? ಫಾರ್ಮ್ಯಾಟ್‌ಗೆ ಅವಸರ ಬೇಡ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗಾಗಿ ಹಳೆಯ ಕಂಪ್ಯೂಟರಿಗೆ ಹೇಗಾದರೂ ವಿಂಡೋಸ್ 11 ಹಾಕಿಬಿಡುವ ತರಾತುರಿ ಶುರುವಾಗಿದೆ. ಕಲಬುರಗಿಯ ಆನ್‌ಲೈನ್ ಸೆಂಟರ್, ಡಿಟಿಪಿ ಅಂಗಡಿ, ಮಕ್ಕಳ ಓದಿಗೆಂದು ಕೊಂಡ ಮನೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಯಂತ್ರಗಳು ಅರ್ಧ ದಾರಿಯಲ್ಲಿ ಕೈಕೊಡುತ್ತವೆ. ರಿಪೇರಿಗೆ ಒಯ್ದರೆ ಸಿಗುವ ಸುಲಭದ ಉತ್ತರ, "ಫಾರ್ಮ್ಯಾಟ್ ಮಾಡುತ್ತೇವೆ, ಸಂಜೆ ಬನ್ನಿ." ಅವರಿಗೆ ಅದು ಒಂದು ತಾಸಿನ ಕೆಲಸ, ನಿಮಗೆ ಹತ್ತು ವರ್ಷಗಳ ಕಡತ. ಆ ಮಾತಿಗೆ ಒಪ್ಪುವ ಮುನ್ನ ಮನೆಯಲ್ಲೇ ಮಾಡಬಹುದಾದದ್ದು ಸಾಕಷ್ಟಿದೆ.

ನಿಂತಿದೆಯೋ, ನಿಧಾನವೋ?

ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಪರದೆಯ ಮೇಲಿನ ಶೇಕಡಾ ಅಂಕಿ ತಾಸುಗಟ್ಟಲೆ ಕದಲದೆ ಇರುವುದುಂಟು. ಡಿಸ್ಕಿನ ಪುಟ್ಟ ದೀಪ ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆದಿದೆ ಎಂದೇ ತಿಳಿಯಿರಿ, ರಾತ್ರಿಯಿಡೀ ಬಿಟ್ಟುಬಿಡಿ. ದೀಪ ಪೂರ್ತಿ ಸ್ತಬ್ಧವಾಗಿ ಬಹಳ ಹೊತ್ತಾಗಿದ್ದರೆ ಮಾತ್ರ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿ.

ಮತ್ತೆ ಹೊತ್ತಿಸಿದಾಗ ಬಹಳಷ್ಟು ಸಲ ವಿಂಡೋಸ್ ತಾನೇ ಹಿಂದಕ್ಕೆ ಸರಿದು ಹಳೆಯ ಆವೃತ್ತಿಯನ್ನು ಮರಳಿಸುತ್ತದೆ. ಆ ಹೊತ್ತಿನಲ್ಲಿ ಅದನ್ನು ಮುಟ್ಟಬೇಡಿ. ಪರದೆ ಕಪ್ಪಾಗಿಯೇ ಉಳಿದರೆ, ಆರಂಭವಾಗುವ ಹಂತದಲ್ಲೇ ಆರಿಸುವುದನ್ನು ಎರಡು ಮೂರು ಬಾರಿ ಮಾಡಿ. ರಿಪೇರಿ ಪರದೆ ತೆರೆದುಕೊಳ್ಳುತ್ತದೆ. ಅಲ್ಲಿ ಸ್ಟಾರ್ಟ್‌ಅಪ್ ರಿಪೇರಿ ಮೊದಲು, ಫಲ ಸಿಗದಿದ್ದರೆ ಇತ್ತೀಚಿನ ಅಪ್‌ಡೇಟ್ ತೆಗೆಯುವ ಆಯ್ಕೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ವ್ಯವಸ್ಥೆ ಕೀಲಿ ಕೇಳಿದರೆ ಗಾಬರಿ ಬೇಡ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಿಂದ ಹೋದರೆ 48 ಅಂಕಿಗಳ ಆ ಕೀಲಿ ಸಾಮಾನ್ಯವಾಗಿ ಅಲ್ಲಿ ಉಳಿದಿರುತ್ತದೆ.

ಕಡತ ಹೊರಗೆ ಬರಲಿ

ಯಂತ್ರ ಎಚ್ಚೆತ್ತ ಕೂಡಲೇ ಮರುಪ್ರಯತ್ನಕ್ಕೆ ಕೈಹಾಕಬಾರದು, ಮೊದಲು ನಕಲು. "ಎಲ್ಲವೂ ಡಿ ಡ್ರೈವ್‌ನಲ್ಲಿದೆ, ಭಯವಿಲ್ಲ" ಎನ್ನುವವರು ನಮ್ಮಲ್ಲಿ ಬಹಳ. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳಾಗಿದ್ದರೆ, ಡಿಸ್ಕ್ ಕೆಟ್ಟ ದಿನ ಎರಡೂ ಹೋಗುತ್ತವೆ. ಜೊತೆಗೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಇರುವುದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ. ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ನಕಲಾದ ಒಂದೆರಡು ಕಡತಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಕನ್ನಡದಲ್ಲಿ ಟೈಪ್ ಮಾಡುವವರು ಇನ್ನೊಂದು ಕೆಲಸ ಮಾಡಲೇಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಮಾಡಿದ ಆಮಂತ್ರಣ, ಅರ್ಜಿ, ಪ್ರಶ್ನೆಪತ್ರಿಕೆಗಳು ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ. ಕಡತ ಕೆಟ್ಟಿತೆಂದು ಅಳಿಸಿ ಹಾಕಿಬಿಡುವ ಅಪಾಯವಿದೆ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರ್ ತೆರೆದು ನುಡಿ 01 ಇ ಮುಂತಾದವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ವಿಂಡೋಸ್ ಏಳದೇ ಹೋದರೂ ಕಡತ ಹೋದಂತಲ್ಲ. ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ, ಉಚಿತವಾದ ಲಿನಕ್ಸ್ ಮಿಂಟ್ ತುಂಬಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಚಾಲೂ ಮಾಡಿದರೆ ಒಳಗಿನ ಡಿಸ್ಕ್ ಫೋಲ್ಡರುಗಳಾಗಿ ಕಾಣಿಸುತ್ತದೆ, ಅಲ್ಲಿಂದಲೇ ನಕಲು ಮಾಡಬಹುದು. ಡಿಸ್ಕ್ ಬಿಟ್‌ಲಾಕರ್‌ನಲ್ಲಿದ್ದರೆ ಇಲ್ಲೂ ಅದೇ ಕೀಲಿ ಬೇಕು.

ಈ ಯಂತ್ರಕ್ಕೆ ಹನ್ನೊಂದು ಹೊಂದುತ್ತದೆಯೇ?

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಯುಇಎಫ್‌ಐ (ಯಂತ್ರವನ್ನು ಚಾಲೂ ಮಾಡುವ ಹೊಸ ಬಗೆಯ ಮೂಲ ತಂತ್ರಾಂಶ), ಸೆಕ್ಯೂರ್ ಬೂಟ್ (ನಂಬಿಕಸ್ತ ತಂತ್ರಾಂಶದಿಂದಲೇ ಚಾಲೂ ಆಗುವ ವ್ಯವಸ್ಥೆ) ಮತ್ತು ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಕಾಯುವ ಭಾಗ) ಬೇಕು. ಇಂಟೆಲ್ ಪ್ರೊಸೆಸರ್ ಆದರೆ, ಬೆರಳೆಣಿಕೆಯ ವಿನಾಯಿತಿ ಬಿಟ್ಟು, ಎಂಟನೆಯ ತಲೆಮಾರಿನದ್ದಾಗಿರಬೇಕು ಅಥವಾ ಅದರ ನಂತರದ್ದು. ಐ5-7200ಯು ಎಂದಿದ್ದರೆ ಅಡ್ಡಗೆರೆಯ ನಂತರದ 7 ತಲೆಮಾರನ್ನು ಹೇಳುತ್ತದೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಇದನ್ನೆಲ್ಲ ಪರೀಕ್ಷಿಸಿ ಹೇಳುತ್ತದೆ. ಟಿಪಿಎಂ ಇಲ್ಲವೆಂದು ಬಂದರೆ ಒಮ್ಮೆ ಬಯಾಸ್ (ಯಂತ್ರ ಚಾಲೂ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆ) ನೋಡಿ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದು ಆಫ್ ಆಗಿ ಕುಳಿತಿರಬಹುದು.

ಈ ಪರೀಕ್ಷೆಯನ್ನೇ ಹಾರಿಸಿ ಒಳನುಗ್ಗಿಸುವ ಉಪಾಯಗಳು ಯೂಟ್ಯೂಬಿನಲ್ಲಿ ಧಾರಾಳ. ಆಟಕ್ಕೆ ಇಟ್ಟುಕೊಂಡ ಯಂತ್ರವಾದರೆ ಸರಿ. ದುಡಿಮೆಗೆ ಆಧಾರವಾದ ಕಂಪ್ಯೂಟರಿಗೆ ನಾನಂತೂ ಸಲಹೆ ಮಾಡಲಾರೆ: ಹಾಗೆ ಹಾಕಿದ ಯಂತ್ರಗಳಿಗೆ ಅಪ್‌ಡೇಟ್ ಸಿಗುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಟ್ಟಿಲ್ಲ.

ದೋಷಸಂಖ್ಯೆ ಏನು ಹೇಳುತ್ತದೆ?

ಯಂತ್ರ ಅರ್ಹವಾಗಿದ್ದೂ ಸೋತಿದ್ದರೆ ಪರದೆಯ ದೋಷಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. 80070070 ಕಂಡರೆ ಜಾಗ ಸಾಲದು. ಡಿಸ್ಕ್ ಕ್ಲೀನಪ್ ನಡೆಸಿ, ವಿಡಿಯೊಗಳನ್ನು ಹೊರಗೆ ಸಾಗಿಸಿ, ಸಿ ಡ್ರೈವ್‌ನಲ್ಲಿ 30 ಜಿಬಿಗಿಂತ ಹೆಚ್ಚು ಖಾಲಿ ಇಡಿ.

0xC1900101 ಎಂದು ಆರಂಭವಾಗುವ ಸಂಖ್ಯೆ ಬಂದರೆ ಸಾಮಾನ್ಯವಾಗಿ ತಪ್ಪು ಡ್ರೈವರಿನದು, ಅಂದರೆ ಸಾಧನಗಳನ್ನು ನಡೆಸುವ ತಂತ್ರಾಂಶದ್ದು. ಇಲ್ಲಿ ಮೊದಲ ಅನುಮಾನ ಹೊರಗಿನ ಸಾಧನಗಳ ಮೇಲೆ ಹೋಗಲಿ. ಆನ್‌ಲೈನ್ ಸೆಂಟರಿನ ಕಂಪ್ಯೂಟರಿಗೆ ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್, ಎರಡು ಪ್ರಿಂಟರ್, ವೆಬ್‌ಕ್ಯಾಮ್ ಎಲ್ಲವೂ ತಗುಲಿಕೊಂಡಿರುತ್ತವೆ. ಕೀಬೋರ್ಡ್, ಮೌಸ್, ಇಂಟರ್ನೆಟ್ ತಂತಿ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತಿಡಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಆಫ್ ಮಾಡಿದರೆ ಸಾಲದು, ಪೂರ್ತಿ ತೆಗೆಯಬೇಕು. ಗ್ರಾಫಿಕ್ಸ್ ಮತ್ತು ವೈಫೈ ಡ್ರೈವರುಗಳನ್ನು ತಯಾರಕರ ಜಾಲತಾಣದಿಂದ ಹೊಸದಾಗಿ ಹಾಕಿ.

ಡಿಸ್ಕ್ ಪರೀಕ್ಷೆಯನ್ನೂ ಬಿಡಬೇಡಿ. ಸಿ ಡ್ರೈವಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನ ಟೂಲ್ಸ್ ಪುಟದಲ್ಲಿ ಚೆಕ್ ಒತ್ತಿದರಾಯಿತು. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಅಪ್‌ಗ್ರೇಡ್ ವಿಚಾರವನ್ನೇ ಕೈಬಿಟ್ಟು ಡಿಸ್ಕ್ ಬದಲಿಸಿ. ನನ್ನ ಅಭಿಪ್ರಾಯದಲ್ಲಿ, ಸದ್ದಿಲ್ಲದಿದ್ದರೂ ಹಳೆಯ ಯಂತ್ರಕ್ಕೆ ಹಣ ಹಾಕುವುದಾದರೆ ಮೊದಲು ಒಂದು ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಬೇಕು.

ಯಾರೂ ನೋಡದ ಒಂದು ಕಾರಣವಿದೆ: ಗಡಿಯಾರ. ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತರೆ, ಕರೆಂಟ್ ತೆಗೆದಾಗಲೆಲ್ಲ ದಿನಾಂಕ ಹಳೆಯ ಯಾವುದೋ ವರ್ಷಕ್ಕೆ ಜಾರುತ್ತದೆ. ಭದ್ರತಾ ಪ್ರಮಾಣಪತ್ರಗಳು ತಾಳೆಯಾಗದೆ ಡೌನ್‌ಲೋಡೇ ಆಗುವುದಿಲ್ಲ. ಸಾಮಾನ್ಯವಾಗಿ ಅಲ್ಲಿರುವುದು ಸಿಆರ್2032 ಸೆಲ್. ಕೈಗಡಿಯಾರದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಮರುಪ್ರಯತ್ನ

ನಮ್ಮ ಭಾಗದಲ್ಲಿ ಹೊತ್ತು ನೋಡಿ ಶುರು ಮಾಡುವುದು ಮುಖ್ಯ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಮಧ್ಯಾಹ್ನದಲ್ಲಿ, ಧೂಳು ತುಂಬಿದ ಫ್ಯಾನಿನ ಯಂತ್ರ ತಾಸುಗಟ್ಟಲೆ ದುಡಿದರೆ ಬಿಸಿಯೇರಿ ತಾನಾಗಿ ಆರಿಬಿಡಬಹುದು. ಫ್ಯಾನ್ ಸ್ವಚ್ಛ ಮಾಡಿಸಿ, ನಸುಕಿನಲ್ಲಿ ಆರಂಭಿಸಿ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಬದಲಾಗುವ ಆ ಕ್ಷಣದಲ್ಲೇ ಡೆಸ್ಕ್‌ಟಾಪ್ ಆರಿ ಹೊತ್ತುವುದುಂಟು. ಯುಪಿಎಸ್ ಇದ್ದರೆ ಒಳ್ಳೆಯದು. ಇಲ್ಲವಾದರೆ ಇನ್ವರ್ಟರ್ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಇಡಿ.

ವಿಂಡೋಸ್ ಅಪ್‌ಡೇಟ್ ಮೂಲಕ ಸೋತಿದ್ದರೆ ಮೈಕ್ರೋಸಾಫ್ಟ್ ಜಾಲತಾಣದಿಂದ ಐಎಸ್‌ಒ ಕಡತವನ್ನು (ವಿಂಡೋಸ್ 11ರ ಇಡೀ ಅನುಸ್ಥಾಪನಾ ಸಾಮಗ್ರಿ ಇರುವ ಒಂದೇ ಕಡತ) ಪೂರ್ತಿ ಇಳಿಸಿಕೊಂಡು, ಅದರೊಳಗಿನ ಸೆಟಪ್ ಓಡಿಸಿ. ಕಡತ ಮತ್ತು ತಂತ್ರಾಂಶಗಳನ್ನು ಉಳಿಸಿಕೊಳ್ಳುವ ಆಯ್ಕೆ ಗುರುತಾಗಿದೆಯೇ ಎಂದು ಎರಡು ಸಲ ನೋಡಿ. ಗೆದ್ದ ಮೇಲೂ 10 ದಿನಗಳ ಕಾಲ ಹಿಂದಿನ ಆವೃತ್ತಿಗೆ ಮರಳಬಹುದು. ಅಷ್ಟರೊಳಗೆ ಜಾಗಕ್ಕಾಗಿ ಹಳೆಯ ವಿಂಡೋಸ್ ಫೋಲ್ಡರನ್ನು ಅಳಿಸಿದರೆ ಆ ದಾರಿ ಮುಚ್ಚುತ್ತದೆ.

ಯಂತ್ರ ಅರ್ಹವೇ ಅಲ್ಲವೆಂದಾದರೆ ವಿಂಡೋಸ್ 10ರಲ್ಲೇ ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳಬಹುದು. ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ ಮೊದಲು ಘೋಷಿಸಿದ ಗಡುವು 2026ರ ಅಕ್ಟೋಬರ್ 13. ಇನ್ನೊಂದು ದಾರಿ ಲಿನಕ್ಸ್. ಬ್ರೌಸರ್, ಟೈಪಿಂಗ್, ವಿಡಿಯೊಗಳಿಗೆ ಅದು ಧಾರಾಳ ಸಾಕು. ಆದರೆ ಡಿಸ್ಕಿಗೆ ಹಾಕುವ ಮುನ್ನ ಪೆನ್‌ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರಿನಿಂದ ಒಂದು ಹಾಳೆ ತೆಗೆದು ನೋಡಿ. ಬೆರಳಚ್ಚು ಯಂತ್ರ, ಸಹಿಯ ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮಾರಿದವರನ್ನು ಕೇಳಿ. ಇಲ್ಲವೆಂದರೆ ಸೆಂಟರಿನ ಆ ಒಂದು ಕಂಪ್ಯೂಟರನ್ನು ವಿಂಡೋಸ್‌ನಲ್ಲೇ ಇಟ್ಟುಕೊಳ್ಳಿ.