ಸಣ್ಣ ಬಾರಿನಲ್ಲಿ ಹೊಸ ಬ್ಯಾಂಡನ್ನು ಕೇಳುವುದು ಹೇಗೆ: ಕಾಸರಗೋಡಿನ ಕೇಳುಗರಿಗೆ

ತಾಳಮದ್ದಳೆಯ ರಾತ್ರಿಗಳಲ್ಲಿ ಭಾಗವತರಿಂದ ನಾಲ್ಕು ಮಾರು ದೂರದಲ್ಲಿ ಚಾಪೆಯ ಮೇಲೆ ಕುಳಿತು, ಚೆಂಡೆಯ ಪೆಟ್ಟು ಎದೆಗೇ ಬಡಿಯುವಷ್ಟು ಹತ್ತಿರದಿಂದ ಹಿಮ್ಮೇಳವನ್ನು ಕೇಳಿ ಬೆಳೆದವರು ನಾವು. ಗಿಟಾರು, ಬೇಸು, ಡ್ರಮ್ಸುಗಳನ್ನು ಹಿಡಿದು ತಮ್ಮದೇ ಹಾಡುಗಳನ್ನು ಕಟ್ಟುತ್ತಿರುವ, ಹೆಸರು ಇನ್ನೂ ಊರಾಚೆ ಹೋಗದ ಬ್ಯಾಂಡುಗಳನ್ನು ಕೇಳುವುದಕ್ಕೂ ಅಷ್ಟೇ ಹತ್ತಿರ ಬೇಕು. ಅದು ಸಿಗುವುದು ಸ್ಟೇಡಿಯಂನಲ್ಲಿ ಅಲ್ಲ, ಐವತ್ತು ಅರುವತ್ತು ಮಂದಿ ಹಿಡಿಸುವ ಸಣ್ಣ ಬಾರಿನಲ್ಲಿ.

ಇಂಥ ಸಂಜೆಗಳು ನಮ್ಮ ಜಿಲ್ಲೆಯಲ್ಲಿ ಹುಡುಕಿದರಷ್ಟೇ ಸಿಗುತ್ತವೆ. ಕೇರಳದಲ್ಲಿ ಬಾರಿನ ಪರವಾನಗಿ 2017ರ ಮದ್ಯನೀತಿಯ ಬಳಿಕ ಮೂರು ತಾರೆ ಮತ್ತು ಅದಕ್ಕಿಂತ ಮೇಲಿನ ಹೋಟೆಲುಗಳಿಗೆ ಸಿಗುವುದರಿಂದ, ಗಡಂಗಿನಂತೆ ರಸ್ತೆಬದಿಯಲ್ಲಿ ಒಂಟಿಯಾಗಿ ನಿಂತ ಬಾರುಗಳು ಇಲ್ಲಿ ಕಾಣುವುದಿಲ್ಲ. ಹೋಟೆಲಿನ ಒಳಗಿನ ಸಭಾಂಗಣ (ಹಾಲ್), ಇಲ್ಲವೇ ಮೇಲ್ಮಹಡಿಯ ತೆರೆದ ಜಾಗವೇ ವೇದಿಕೆಯಾಗಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಬರುವ ಪೋಸ್ಟರುಗಳನ್ನು ನೋಡುತ್ತಿರಬೇಕು, ನಿಜ. ಆದರೆ ನನ್ನ ಅನುಭವದಲ್ಲಿ ಖಚಿತವಾದ ಸುದ್ದಿ ಸಿಗುವುದು ಊರಿನ ಮೈಕ್‌ಸೆಟ್ಟಿನವರಿಂದ. ಯಾವ ಹೋಟೆಲಿಗೆ ಯಾವ ದಿನ ಸ್ಪೀಕರು ಹೋಗುತ್ತದೆ, ಯಾರು ಬಾರಿಸುತ್ತಾರೆ ಎಂಬುದು ಅವರಿಗೆ ಮೊದಲೇ ತಿಳಿದಿರುತ್ತದೆ. ಜಾತ್ರೆ, ಉತ್ಸವಗಳ ಕಾಲದಲ್ಲಿ ಇದೇ ಕಲಾವಿದರು ಗಾನಮೇಳಗಳಲ್ಲಿ ಸಿನಿಮಾ ಹಾಡುಗಳಿಗೆ ಬಾರಿಸುತ್ತಾ ರಾತ್ರಿಯಿಡೀ ದುಡಿಯುತ್ತಿರುತ್ತಾರೆ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ವಿಶೇಷವಾಗಿ ಆಟಿ ತಿಂಗಳ ಮಳೆಯಲ್ಲಿ, ಅವರಿಗೆ ಸ್ವಂತ ಹಾಡುಗಳನ್ನು ಕೂಡಿಸಿ ನುಡಿಸಲು ಬಿಡುವು ಸಿಗುತ್ತದೆ. ಹಾಗಾಗಿ ಹುಡುಕಾಟವನ್ನು ಜೂನಿನಿಂದ ಆರಂಭಿಸುವುದು ಒಳ್ಳೆಯದು. ಇಲ್ಲಿ ಏನೂ ಸಿಗದ ವಾರಗಳಲ್ಲಿ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರು ಇದ್ದೇ ಇದೆ.

ಹೊರಡುವ ಮೊದಲು ಹೋಟೆಲಿಗೆ ಒಂದು ಫೋನು ಮಾಡಿ, ಬ್ಯಾಂಡು ಎಷ್ಟು ಗಂಟೆಗೆ ಆರಂಭಿಸುತ್ತದೆ, ಬಾರಿನಲ್ಲೋ ಪಕ್ಕದ ಫ್ಯಾಮಿಲಿ ಹಾಲಿನಲ್ಲೋ ಎಂಬುದನ್ನು ಕೇಳಿಕೊಳ್ಳಿ. ಕೇರಳದಲ್ಲಿ ಮದ್ಯಸೇವನೆಗೆ 23 ವರ್ಷ ತುಂಬಿರಬೇಕಾದ್ದರಿಂದ ಎಳೆಯ ಮುಖದವರು ಗುರುತಿನ ಚೀಟಿಯನ್ನು ಜತೆಗಿಟ್ಟುಕೊಳ್ಳಬೇಕು. ತಿಂಗಳ ಒಂದನೆಯ ತಾರೀಕು ಸಾಮಾನ್ಯವಾಗಿ ಮದ್ಯರಹಿತ ದಿನ. ಅಂದು ಬಾರು ಮುಚ್ಚಿರುತ್ತದೆ. ಕುಡಿಯದವರು ಸಂಕೋಚಪಡಬೇಕಾಗಿಲ್ಲ. ಲೈಮ್ ಸೋಡಾ ಮುಂದಿಟ್ಟುಕೊಂಡು ಎರಡು ಗಂಟೆ ಕುಳಿತು ಕೇಳುವವರು ನನ್ನ ಗೆಳೆಯರಲ್ಲೇ ಹಲವರಿದ್ದಾರೆ, ಮರಳುವಾಗ ಕಾರು ನಡೆಸುವವರೂ ಅವರೇ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು ಎಂಬುದನ್ನು ತಿಳಿದೇ ಮರಳುವ ದಾರಿಯನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಬಹಳ ಮುಖ್ಯವಾದ ಮಾತೆಂದರೆ, ಬೇಗ ಹೋಗಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುವುದರಿಂದ, ಮೇಲ್ಮಹಡಿಯ ಕಾರ್ಯಕ್ರಮವು ಹತ್ತಕ್ಕೆ ಮುಗಿಯಲೇಬೇಕು. ಊಟ ಮುಗಿಸಿ ಒಂಬತ್ತೂವರೆಗೆ ಬಂದವರಿಗೆ ಉಳಿದಿರುವುದು ನಾಲ್ಕೈದು ಹಾಡು. ಆರಂಭಕ್ಕೆ ಅರ್ಧ ಗಂಟೆ ಮೊದಲೇ ಹೋದರೆ ಸೌಂಡ್ ಚೆಕ್, ಅಂದರೆ ವಾದ್ಯ ಮತ್ತು ಮೈಕುಗಳ ದನಿ ಹೊಂದಿಸುವುದನ್ನು ನೋಡಬಹುದು. ಟೈಲ್ಸಿನ ನೆಲದ ಮೇಲೆ ಬೇಸ್ ಡ್ರಮ್ಮು ಪ್ರತಿ ಒದೆತಕ್ಕೂ ಒಂದಿಷ್ಟು ಮುಂದಕ್ಕೆ ಜಾರುವುದರಿಂದ ಹುಡುಗರು ಅದರಡಿಗೆ ಹಳೆಯ ಚಾಪೆ ಹಾಸುತ್ತಾರೆ, ಸ್ನೇರ್ ಡ್ರಮ್ಮಿನ ಕೂಗು ಹೆಚ್ಚಾದರೆ ಅದರ ಮೇಲೆ ಒಂದು ಬೈರಾಸಿನ ತುಂಡನ್ನು ಮಡಚಿಡುತ್ತಾರೆ, ಹಾಡುಗಳ ಅನುಕ್ರಮ ಬರೆದ ಕಾಗದವನ್ನು ಗಾಯಕನ ಕಾಲಬುಡದಲ್ಲಿ ಟೇಪು ಹಚ್ಚಿ ಅಂಟಿಸುತ್ತಾರೆ. ಇವನ್ನು ಕಂಡವರಿಗೆ ಮುಂದಿನ ಸಂಗೀತವು ಬೇರೆಯೇ ರೀತಿಯಲ್ಲಿ ಕೇಳಿಸುತ್ತದೆ ಎಂಬುದು ನನ್ನ ನಂಬಿಕೆ.

ಎಲ್ಲಿ ಕೂರಬೇಕೆಂಬುದು ಸಣ್ಣ ಬಾರಿನಲ್ಲಿ ಸಣ್ಣ ವಿಷಯವಲ್ಲ. ದೊಡ್ಡ ವೇದಿಕೆಯಲ್ಲಿ ಎಲ್ಲ ವಾದ್ಯಗಳೂ ಸ್ಪೀಕರುಗಳ ಮೂಲಕ ಹದವಾಗಿ ಬೆರೆತು ಬರುತ್ತವೆ; ಇಲ್ಲಿ ಎಷ್ಟೋ ಸಲ ಸ್ಪೀಕರಿನಿಂದ ಬರುವುದು ಗಾಯಕನ ದನಿ ಮಾತ್ರ, ಗಿಟಾರು ತನ್ನ ಆಂಪ್ಲಿಫೈಯರಿನಿಂದ, ಡ್ರಮ್ಸು ನೇರವಾಗಿ ಕೇಳಿಸುತ್ತವೆ. ಆದ್ದರಿಂದ ಆಂಪಿನ ಎದುರಿನ ಮೇಜಿಗೆ ಗಿಟಾರು ಹರಿತವಾಗಿ ಬಡಿದು ಸಾಹಿತ್ಯವೇ ಅಳಿಸಿಹೋಗುತ್ತದೆ. ಗೋಡೆಮೂಲೆಯಲ್ಲಿ ಬೇಸಿನ ದನಿ ಗುಡ್ಡೆಬಿದ್ದು ಗೊಗ್ಗರಾಗುತ್ತದೆ. ಎರಡು ಸ್ಪೀಕರುಗಳ ನಡುವೆ, ವೇದಿಕೆಯಿಂದ ಕೋಣೆಯ ಅರ್ಧದಷ್ಟು ದೂರದಲ್ಲಿ, ಸಾಧ್ಯವಾದರೆ ದನಿಗಳನ್ನು ಬೆರೆಸುವ ಮಿಕ್ಸರ್ ನೋಡಿಕೊಳ್ಳುವವರ ಪಕ್ಕದಲ್ಲಿ ಕುಳಿತರೆ ಹಾಡಿನ ಮಾತುಗಳು ಸ್ಪಷ್ಟವಾಗುತ್ತವೆ, ಏಕೆಂದರೆ ಅವರು ದನಿಯನ್ನು ಹೊಂದಿಸುವುದು ತಮ್ಮ ಕಿವಿಗೆ ಬಿದ್ದಂತೆ. ಸಪ್ತಭಾಷೆಗಳ ಈ ಊರಿನಲ್ಲಿ ಒಂದು ಹಾಡು ತುಳುವಿನಲ್ಲಿ, ಮತ್ತೊಂದು ಮಲೆಯಾಳದಲ್ಲಿ ಇದ್ದರೆ ಮಾತು ತಿಳಿಯಲು ಈ ಜಾಗವೇ ಬೇಕು.

ಕಿವಿಯ ಕಾಳಜಿಯನ್ನೂ ಮರೆಯಬಾರದು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದೂ, ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆಂದೂ ಒಂದು ಲೆಕ್ಕವಿದೆ; ಅದರಂತೆ 100 ಡೆಸಿಬೆಲ್ಲಿನಲ್ಲಿ ಸುರಕ್ಷಿತವಾಗಿರುವುದು ಕಾಲು ಗಂಟೆ ಮಾತ್ರ. ಮುಚ್ಚಿದ ಹಾಲಿನಲ್ಲಿ ಡ್ರಮ್ಸು ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಒಮ್ಮೆ ಸ್ಪೀಕರಿಗೆ ಒರಗಿ ಕುಳಿತ ತಪ್ಪಿಗೆ ಎರಡು ದಿನ ನನ್ನ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್ ಪ್ಲಗ್ ಕೂಡ ಸಾಕಾಗುತ್ತದೆ.

ಬ್ಯಾಂಡನ್ನು ಹೋಟೆಲಿನವರು ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದು ಆ ರಾತ್ರಿ ಎಷ್ಟು ಮೇಜು ತುಂಬಿತ್ತು, ಎಷ್ಟು ಬಿಲ್ಲಾಯಿತು ಎಂಬುದರ ಮೇಲೆ ನಿಂತಿರುತ್ತದೆ. ಆದ್ದರಿಂದ ಏನಾದರೂ ತರಿಸಿಕೊಂಡು ಕೊನೆಯ ಹಾಡಿನವರೆಗೆ ಕೂರುವುದು, ಹೊರಡುವಾಗ ಮ್ಯಾನೇಜರರಿಗೆ ಬ್ಯಾಂಡಿನ ಹೆಸರು ಹಿಡಿದು ಮೆಚ್ಚುಗೆ ಹೇಳುವುದು ಕೇಳುಗನಿಂದಾಗುವ ಅತಿ ದೊಡ್ಡ ಸಹಾಯ. ಹಾಡಿನ ನಡುವೆ ಸಿನಿಮಾ ಹಾಡಿಗಾಗಿ ಕೂಗಬೇಡಿ. ಬೇಕೇ ಬೇಕೆಂದರೆ ಚೀಟಿ ಬರೆದು ವಿರಾಮದಲ್ಲಿ ಕೊಡಿ. ಒಂದು ಹೋಟೆಲಿನಲ್ಲಿ ಹುಡುಗಿಯೊಬ್ಬಳು ತಾನೇ ಬರೆದ ಮೆಲುದನಿಯ ಹಾಡನ್ನು ಹಾಡುತ್ತಿದ್ದಾಗ ಗೋಡೆಯ ಟಿವಿಯಲ್ಲಿ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಕೊನೆಯವರೆಗೂ ಅಬ್ಬರಿಸುತ್ತಲೇ ಇತ್ತು. ಆ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈಗ ಕುಳಿತ ಕೂಡಲೇ ಸಪ್ಲೈಯರನ್ನು ಕರೆದು, "ಚೇಟ್ಟಾ, ಹಾಡು ಶುರುವಾದ ಮೇಲೆ ಟಿವಿಯ ಸೌಂಡು ಮಾತ್ರ ತೆಗೆದುಬಿಡಿ" ಎಂದು ವಿನಯದಿಂದ ಕೇಳಿಕೊಳ್ಳುತ್ತೇನೆ. ಈವರೆಗೆ ಯಾರೂ ಇಲ್ಲವೆಂದಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಕಲಾವಿದರನ್ನು ಮಾತನಾಡಿಸಬಹುದು. ಇಡೀ ಹಾಡನ್ನು ಮೊಬೈಲಿನಲ್ಲಿ ಹಿಡಿದಿದ್ದರೆ ಹಂಚುವ ಮೊದಲು ಅವರ ಒಪ್ಪಿಗೆ ಪಡೆಯಿರಿ, ಅದು ಇನ್ನೂ ಬಿಡುಗಡೆಯಾಗದ ಹಾಡಾಗಿರಬಹುದು. ಬಾರು ಮುಚ್ಚುವುದರೊಳಗೆ ಅವರು ವಯರುಗಳನ್ನು ಸುತ್ತಿ, ಡ್ರಮ್ಸನ್ನು ಬಿಚ್ಚಿ ಕೆಳಗಿಳಿಸಬೇಕಾಗಿರುತ್ತದೆ. ಮಾತು ಎರಡೇ ನಿಮಿಷದಲ್ಲಿರಲಿ, ಆಂಪು ಹೊತ್ತವರಿಗೆ ಬಾಗಿಲನ್ನು ಹಿಡಿದುಕೊಳ್ಳಿ, ಮುಂದಿನ ಕಾರ್ಯಕ್ರಮ ಎಲ್ಲಿ, ಯಾವಾಗ ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ.