ಕಪ್ಪು ಬಿಯರ್‌ಗೆ ಹೊಸಬರೇ? ಮೊದಲ ಸ್ಟೌಟ್ ಆರಿಸುವುದು ಹೀಗೆ

ಗಟ್ಟಿ ಡಿಕಾಕ್ಷನ್‌ನಂತೆ ಕಪ್ಪಗಿರುವ ಸ್ಟೌಟ್ ಎದುರಿಗೆ ಬಂದಾಗ, ಲಾಗರ್ (ನಮ್ಮಲ್ಲಿ ಮಾಮೂಲಾಗಿ ಸಿಗುವ ಹೊಂಬಣ್ಣದ ಬಿಯರ್) ಕುಡಿದು ರೂಢಿಯಾದವರ ಬಾಯಲ್ಲಿ ಬರುವ ಮಾತು ಎರಡೇ: ‘ಇದು ಸಿಕ್ಕಾಪಟ್ಟೆ ಸ್ಟ್ರಾಂಗ್ ಇರಬೇಕು’, ‘ಇದನ್ನು ಕುಡಿದರೆ ಊಟ ಸೇರುವುದಿಲ್ಲ’. ಎರಡಕ್ಕೂ ಬಣ್ಣವೇ ಕಾರಣ, ಎರಡೂ ಸಾಮಾನ್ಯವಾಗಿ ತಪ್ಪು. ಡಬ್ಲಿನ್‌ನ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಇರುವುದು ಶೇ 4.2ರ ಆಸುಪಾಸು. ನಮ್ಮಲ್ಲಿ ‘ಸ್ಟ್ರಾಂಗ್’ ಎಂದು ಬರೆದುಕೊಂಡು ಬರುವ ಹೊಂಬಣ್ಣದ ಬಿಯರ್‌ಗಳಲ್ಲಿ ಅದು ಶೇ 5ನ್ನು ದಾಟಿ 8ರವರೆಗೂ ಇರುತ್ತದೆ. 355 ಮಿ.ಲೀ. ಗಿನ್ನೆಸ್ ಡ್ರಾಫ್ಟ್‌ನಲ್ಲಿ ಸುಮಾರು 125 ಕ್ಯಾಲೊರಿ. ಅಷ್ಟೇ ಅಳತೆಯ ಸಾಧಾರಣ ಲಾಗರ್‌ನಲ್ಲಿ 150ರ ಹತ್ತಿರ.

ಬಣ್ಣ ಬರುವುದು ಹುರಿದ ಧಾನ್ಯದಿಂದ. ಗಿನ್ನೆಸ್‌ನವರು ಬಾರ್ಲಿಯನ್ನು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿಯುತ್ತಾರೆ. ಇಡೀ ಧಾನ್ಯದಲ್ಲಿ ಸುಮಾರು ಹತ್ತನೇ ಒಂದು ಪಾಲು ಹೀಗೆ ಹುರಿದದ್ದಿದ್ದರೆ ಸಾಕು, ಬಿಯರ್ ಕಪ್ಪಾಗುತ್ತದೆ. ಅಷ್ಟು ಹುರಿದ ಕಾಳಿನಲ್ಲಿ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುವಂಥ ಸಕ್ಕರೆ ಹೆಚ್ಚು ಉಳಿದಿರುವುದೂ ಇಲ್ಲ. ಹಾಗಾಗಿ ಬಣ್ಣ ನೋಡಿ ಶಕ್ತಿ ಅಳೆಯಲು ಬರುವುದಿಲ್ಲ.

ಮೊದಲು ಶೇಕಡಾವಾರು ಓದಿ

‘ಸ್ಟೌಟ್’ ಎಂಬ ಒಂದೇ ಹೆಸರಿನಡಿ ಶೇ 4ರ ಬಿಯರ್ ಕೂಡ ಇದೆ, ಶೇ 12ರದ್ದೂ ಇದೆ. 18ನೇ ಶತಮಾನದ ಲಂಡನ್‌ನಲ್ಲಿ ಪೋರ್ಟರ್ ಎಂಬ ಕಂದು ಬಿಯರ್‌ನ ಗಟ್ಟಿ ಬಗೆಯನ್ನು ‘ಸ್ಟೌಟ್ ಪೋರ್ಟರ್’ ಎನ್ನುತ್ತಿದ್ದರು. ಸ್ಟೌಟ್ ಎಂದರೆ ಆಗ ಬಲವಾದದ್ದು ಎಂದೇ ಅರ್ಥ. ಈಗ ಆ ಅರ್ಥ ಸವೆದಿದೆ, ಹೆಸರು ಉಳಿದಿದೆ.

ಮೊದಲ ಸಲಕ್ಕೆ ಶೇ 4ರಿಂದ 6ರ ನಡುವಿನದನ್ನೇ ಆರಿಸಿ. ಲೆಕ್ಕ ಹಾಕಿ ನೋಡಿ: 568 ಮಿ.ಲೀ.ನ ಇಡೀ ಪೈಂಟ್, ಶೇ 4.2ರದ್ದಾದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 24 ಮಿ.ಲೀ. ಕೇವಲ 330 ಮಿ.ಲೀ.ನ ಸಣ್ಣ ಬಾಟಲಿ, ಶೇ 9ರ ಇಂಪೀರಿಯಲ್ ಸ್ಟೌಟ್ (ಸ್ಟೌಟ್‌ಗಳಲ್ಲೇ ಹೆಚ್ಚು ಆಲ್ಕೋಹಾಲಿನ ಬಗೆ) ಆದರೆ ಸುಮಾರು 30 ಮಿ.ಲೀ. ಚೆಂದದ ಲೇಬಲ್ ನೋಡಿ ಇದನ್ನೇ ಮೊದಲು ಎತ್ತಿಕೊಂಡು ಬರುವವರಿದ್ದಾರೆ. ಕಾಕಂಬಿಯಂಥ ದಪ್ಪ, ಗಂಟಲಿನ ಉರಿ, ಕಹಿ ಎಲ್ಲವೂ ಒಟ್ಟಿಗೆ ಎರಗಿ ‘ಸ್ಟೌಟ್ ನಮಗಲ್ಲ’ ಎಂದು ಅಲ್ಲಿಗೇ ಕೈಬಿಡುತ್ತಾರೆ. ಇಂಪೀರಿಯಲ್ ಕೆಟ್ಟದ್ದೆಂದಲ್ಲ, ಅದು ಐದನೆಯದೋ ಆರನೆಯದೋ ಆಗಲಿ.

ನೀವು ಕುಡಿಯುವ ಕಾಫಿ ಎಂಥದ್ದು?

ಹುರಿದ ಬಾರ್ಲಿಯ ರುಚಿ ಹುರಿದ ಕಾಫಿ ಬೀಜದ ರುಚಿಗೆ ಹತ್ತಿರ. ಆದ್ದರಿಂದ ಬೆಳಗಿನ ಲೋಟವೇ ಇಲ್ಲಿ ಒಳ್ಳೆಯ ದಾರಿಸೂಚಿ.

ಸಕ್ಕರೆಯಿಲ್ಲದ ಸ್ಟ್ರಾಂಗ್ ಕಾಫಿ ಇಷ್ಟಪಡುವವರಿಗೆ ಐರಿಷ್ ಡ್ರೈ ಸ್ಟೌಟ್. ಡ್ರೈ ಎಂದರೆ ಸಿಹಿ ಉಳಿಯದ್ದು. ಕೊನೆಯಲ್ಲಿ ತೆಳು ಕಹಿ, ಹುರಿದ ವಾಸನೆ, ತುಸು ಹುಳಿ. ಡಬ್ಲಿನ್‌ನ ಗಿನ್ನೆಸ್ ಡ್ರಾಫ್ಟ್, ಕಾರ್ಕ್ ನಗರದ ಮರ್ಫೀಸ್ ಮತ್ತು ಬೀಮಿಶ್ ಈ ಗುಂಪಿನವು, ಮೂರೂ ಶೇ 4ರ ಹತ್ತಿರ. ಕಹಿಗೆ ಅಂಜುವವರಿಗೆ ಮೂರರಲ್ಲಿ ಮರ್ಫೀಸ್ ವಾಸಿ, ಅದು ಸ್ವಲ್ಪ ಮೆತ್ತಗೆ, ಟಾಫಿಯ ನೆನಪು ತರುವಂಥದ್ದು.

ಹಾಲು, ಸಕ್ಕರೆ ಮುಂದಾದ ಕಾಫಿಯವರಿಗೆ ಮಿಲ್ಕ್ ಸ್ಟೌಟ್. ಇದರಲ್ಲಿ ಹಾಲಿಲ್ಲ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇದೆ. ಬಿಯರ್ ಯೀಸ್ಟ್‌ಗೆ ಲ್ಯಾಕ್ಟೋಸ್ ಜೀರ್ಣವಾಗದ್ದರಿಂದ ಆ ಸಿಹಿ ಹಾಗೆಯೇ ಉಳಿದು ಕಹಿಯನ್ನು ಮುಚ್ಚುತ್ತದೆ. ಹಾಲು ಒಗ್ಗದವರಿಗೆ ಇದೂ ಒಗ್ಗದು. ಹೊಟ್ಟೆಯುಬ್ಬರ ಬಂದರೆ ಬಿಯರ್ ಕೆಟ್ಟಿದೆ ಎಂದು ದೂರಬೇಡಿ. ಅಮೆರಿಕದ ಕೊಲರಾಡೊದ ಲೆಫ್ಟ್ ಹ್ಯಾಂಡ್ ಮಿಲ್ಕ್ ಸ್ಟೌಟ್ ಇದರ ಹೆಸರಾಂತ ಮಾದರಿ, ಶೇ 6.

ಎರಡರ ನಡುವಿನದು ಓಟ್‌ಮೀಲ್ ಸ್ಟೌಟ್. ಓಟ್ಸ್ ಗಂಜಿಗೆ ನುಣುಪು ಕೊಡುವ ಅಂಶವೇ ಇಲ್ಲೂ ಕೆಲಸ ಮಾಡುತ್ತದೆ: ಹೆಚ್ಚು ಸಿಹಿಯಿಲ್ಲದೆ ಬಾಯಿಗೆ ರೇಷ್ಮೆಯಂತಿರುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಸ್ಯಾಮ್ಯುಯೆಲ್ ಸ್ಮಿತ್ ಓಟ್‌ಮೀಲ್ ಸ್ಟೌಟ್, ಶೇ 5, ಇದಕ್ಕೆ ಅಳತೆಗೋಲು. ಯಾವುದೆಂದು ತೀರ್ಮಾನಕ್ಕೆ ಬರಲಾಗದವರಿಗೆ ನಮ್ಮ ಸಲಹೆಯೂ ಇದೇ.

ಶ್ರೀಲಂಕಾದ ಲಯನ್ ಸ್ಟೌಟ್ ಹತ್ತಿರದ್ದು, ಒಳ್ಳೆಯದೂ ಹೌದು. ಆದರೆ ಶೇ 8.8. ಗಿನ್ನೆಸ್ ಫಾರಿನ್ ಎಕ್ಸ್‌ಟ್ರಾ ಶೇ 7.5. ಗಿನ್ನೆಸ್ ಎಂಬ ಹೆಸರು ಕಂಡ ಮಾತ್ರಕ್ಕೆ ಶೇ 4.2ರದ್ದೇ ಎಂದುಕೊಂಡು ಇದನ್ನು ಕೊಳ್ಳುವುದು ಸಾಮಾನ್ಯ ಎಡವಟ್ಟು. ಇನ್ನು ‘ಚಾಕೊಲೇಟ್ ಮಾಲ್ಟ್’ ಎಂದಿದ್ದರೆ ಅದರಲ್ಲಿ ಚಾಕೊಲೇಟ್ ಇರಬೇಕೆಂದಿಲ್ಲ. ಹುರಿದ ಮಾಲ್ಟ್‌ಗೆ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯಕ್ಕೆ, ಬಣ್ಣದಿಂದ ಬಂದ ಹೆಸರದು.

ಸಸ್ಯಾಹಾರಿಗಳು ಗಮನಿಸಬೇಕಾದದ್ದು: ಬಿಯರ್ ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ವಸ್ತು ಬಳಸುವ ಹಳೆಯ ಪದ್ಧತಿ ಕೆಲವೆಡೆ ಇನ್ನೂ ಇದೆ. ಗಿನ್ನೆಸ್ ಡಬ್ಲಿನ್‌ನಲ್ಲಿ ಇದನ್ನು 2018ರ ಹೊತ್ತಿಗೆ ಪೂರ್ತಿ ಬಿಟ್ಟಿತು. ‘ಆಯ್ಸ್ಟರ್ ಸ್ಟೌಟ್’ ಎಂದಿದ್ದರೆ ಅದರಲ್ಲಿ ನಿಜವಾಗಿಯೂ ಕಡಲ ಸಿಂಪಿ ಹಾಕಿರಬಹುದು, ಕೇಳಿ ನೋಡಿ.

ನೈಟ್ರೊ ಸಿಕ್ಕರೆ ಬಿಡಬೇಡಿ

ಮಾಮೂಲಿ ಬಿಯರ್‌ನ ಗುಳ್ಳೆ ಇಂಗಾಲದ ಡೈಆಕ್ಸೈಡ್‌ನದು: ದೊಡ್ಡದು, ನಾಲಿಗೆ ಚುಚ್ಚುವಂಥದ್ದು, ತಾನೂ ತುಸು ಹುಳಿ. ಹುರಿದ ಬಾರ್ಲಿಯ ಕಹಿಯ ಜತೆ ಈ ಚುಚ್ಚು ಸೇರಿದರೆ ಹೊಸಬರಿಗೆ ಕಷ್ಟ. ಗಿನ್ನೆಸ್ 1959ರಲ್ಲಿ ಇದಕ್ಕೆ ದಾರಿ ಕಂಡುಕೊಂಡಿತು. ಪಬ್‌ಗಳಲ್ಲಿ ಅದನ್ನು ನಲ್ಲಿಯಿಂದ ಇಳಿಸುವ ಅನಿಲದಲ್ಲಿ ಸುಮಾರು ಮುಕ್ಕಾಲು ಪಾಲು ನೈಟ್ರೋಜನ್, ‘ನೈಟ್ರೊ’ ಎನ್ನುವುದು ಇದಕ್ಕೇ. ನೈಟ್ರೋಜನ್ ದ್ರವದಲ್ಲಿ ಸುಲಭಕ್ಕೆ ಕರಗದ್ದರಿಂದ ಗುಳ್ಳೆಗಳು ತೀರಾ ಸಣ್ಣವು, ನೊರೆ ಕೆನೆಯಂತೆ. ಕ್ಯಾನ್ ಅಲುಗಿಸಿದಾಗ ಒಳಗೆ ಗುಂಡು ಆಡಿದ ಸದ್ದು ಬಂದರೆ ಅದೇ ವಿಜೆಟ್. ಕ್ಯಾನ್ ತೆರೆದೊಡನೆ ನೈಟ್ರೋಜನ್ ಚಿಮ್ಮಿಸುವ ಪ್ಲಾಸ್ಟಿಕ್ ಚೆಂಡು.

ಬೆಂಗಳೂರಿನ ಮೈಕ್ರೊಬ್ರುವರಿಗಳಲ್ಲಿ ಸ್ಟೌಟ್ ಇದ್ದರೆ ಎರಡು ಪ್ರಶ್ನೆ ಕೇಳಿ: ನೈಟ್ರೊ ನಲ್ಲಿಯದೇ? ಆಲ್ಕೋಹಾಲ್ ಶೇಕಡಾ ಎಷ್ಟು? ಆಮೇಲೆ ರುಚಿ ನೋಡಲು ಸಣ್ಣ ಲೋಟದಲ್ಲಿ ಕೇಳಿ. ಅಂಗಡಿಯಲ್ಲಾದರೆ ತಾರೀಕು ನೋಡಿ. ಶೇ 4–6ರ ಸ್ಟೌಟ್ ಇಟ್ಟಷ್ಟೂ ಕೆಡುತ್ತದೆ, ಮಾಗುವುದಿಲ್ಲ. ವರ್ಷಗಟ್ಟಲೆ ಇಟ್ಟು ಮಾಗಿಸುವುದು ಇಂಪೀರಿಯಲ್‌ಗಷ್ಟೇ ಹೊಂದುವ ಮಾತು. ಕಿಟಕಿ ಬಳಿ ಬಿಸಿಲಿಗೆ ಕೂತ ಬಾಟಲಿ ಬೇಡ.

ತಂಪು, ಲೋಟ, ಸುರಿಯುವ ಕ್ರಮ

ಐಸಿನಂತೆ ತಣ್ಣಗಿದ್ದರೆ ಒಳ್ಳೆಯದೆಂಬ ಲಾಗರ್ ನಿಯಮ ಇಲ್ಲಿ ತಿರುವುಮುರುವು. ಅತಿಯಾದ ತಣ್ಪು ವಾಸನೆಯನ್ನು ಹೂತು ಕಹಿಯನ್ನಷ್ಟೇ ಮೇಲೆ ಬಿಡುತ್ತದೆ. ನೈಟ್ರೊ ಸ್ಟೌಟ್‌ಗೆ 6ರಿಂದ 8 ಡಿಗ್ರಿ, ಓಟ್‌ಮೀಲ್, ಮಿಲ್ಕ್ ಸ್ಟೌಟ್‌ಗೆ 8ರಿಂದ 12. ಮನೆಯ ಫ್ರಿಜ್ ಸುಮಾರು 4 ಡಿಗ್ರಿಯಲ್ಲಿರುವುದರಿಂದ, ಬಾಟಲಿಯನ್ನು ಕುಡಿಯುವ ಹದಿನೈದು ನಿಮಿಷ ಮುಂಚೆ ಹೊರಗಿಡಿ. ವಿಜೆಟ್ ಕ್ಯಾನ್ ಮಾತ್ರ ತೆರೆಯುವ ಮುನ್ನ ಕನಿಷ್ಠ ಮೂರು ಗಂಟೆ ಫ್ರಿಜ್‌ನಲ್ಲಿರಲಿ. ಬೆಚ್ಚಗಿದ್ದರೆ ಅರ್ಧ ಬಿಯರ್ ನೊರೆಯಾಗಿ ಮೇಜಿನ ಪಾಲು.

ಲೋಟ ದೊಡ್ಡದಿರಲಿ: 440 ಮಿ.ಲೀ. ಕ್ಯಾನ್‌ಗೆ 568ರ ಪೈಂಟ್ ಲೋಟ ಸರಿ. ಎಣ್ಣೆಜಿಡ್ಡು, ಸೋಪಿನ ಪಸೆ ಇದ್ದರೆ ನೊರೆ ನಿಲ್ಲದು. ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒರೆಸದೆ ಕವುಚಿ ಒಣಗಿಸಿ. ವಿಜೆಟ್ ಕ್ಯಾನ್ ತೆರೆದು ಕೆಲವು ಸೆಕೆಂಡು ಬಿಟ್ಟು, ಲೋಟವನ್ನು 45 ಡಿಗ್ರಿ ಓರೆ ಹಿಡಿದು ಒಂದೇ ಧಾರೆಯಲ್ಲಿ ಸುರಿಯಿರಿ, ತುಂಬುತ್ತ ಬಂದಂತೆ ನೆಟ್ಟಗೆ ಮಾಡಿ. ಮುಕ್ಕಾಲು ತುಂಬಿಸಿ, ಕಾದು, ಮತ್ತೆ ತುಂಬಿಸುವ ಪ್ರಸಿದ್ಧ ಎರಡು ಹಂತದ ಕ್ರಮ ಪಬ್‌ನ ನಲ್ಲಿಗೆ. ಗಿನ್ನೆಸ್ ಅದಕ್ಕೆ 119.5 ಸೆಕೆಂಡು ಎನ್ನುತ್ತದೆ. ಆ ಅರ್ಧ ಸೆಕೆಂಡು ಜಾಹೀರಾತಿನ ಚಮತ್ಕಾರ. ಗುಳ್ಳೆಗಳು ಲೋಟದ ಗೋಡೆಗುಂಟ ಕೆಳಗಿಳಿದಂತೆ ಕಾಣುತ್ತವೆ: ನಡುವೆ ಏರುವ ಗುಳ್ಳೆಗಳು ದ್ರವವನ್ನು ಮೇಲೆತ್ತಿದಾಗ ಅದು ಅಂಚಿನಲ್ಲಿ ಸಣ್ಣ ಗುಳ್ಳೆಗಳನ್ನೂ ಎಳೆದುಕೊಂಡು ಇಳಿಯುತ್ತದೆ. ಅದು ನಿಂತು ಕಪ್ಪು–ಬಿಳಿ ಬೇರೆಯಾಗುವವರೆಗೂ ತಾಳಿ.

ಮೊದಲ ಗುಟುಕು

ನೊರೆಯನ್ನೇ ಹೀರಬೇಡಿ, ಲೋಟದಲ್ಲಿ ಅತಿ ಕಹಿಯಾದದ್ದು ಅದೇ. ನೊರೆಯಡಿಯ ಬಿಯರ್ ಬಾಯಿಗೆ ಬರುವಂತೆ ಲೋಟ ಎತ್ತಿ ದೊಡ್ಡ ಗುಟುಕು ಕುಡಿಯಿರಿ. ತೀರ್ಪು ಮೂರನೇ ಗುಟುಕಿನ ನಂತರ ಕೊಡಿ.

ತುಸು ಹುಳಿ, ಒಗರು ಸಹಜ. ವಿನೆಗರ್‌ನಂಥ ಹುಳಿಯಾದರೆ ಬಾರಿನ ಪೈಪ್ ತೊಳೆದಿಲ್ಲ ಎನ್ನಿ, ಲೋಟ ವಾಪಸು ಕಳಿಸಿ. ಒದ್ದೆ ರಟ್ಟಿನ ಅಥವಾ ಸೋಯಾ ಸಾಸ್‌ನ ವಾಸನೆ ಬಂದರೆ ಹಳೆಯ ಸರಕು. ಬೂದಿ ನೆಕ್ಕಿದಂತಾದರೆ ತಯಾರಕರು ಕಪ್ಪು ಮಾಲ್ಟ್ ಅತಿಯಾಗಿ ಸುರಿದಿದ್ದಾರೆ.

ಜತೆಗೆ ಉಪ್ಪಿನದೇ ಇರಲಿ: ಹುರಿದ ಕಡಲೆಕಾಯಿ, ಚೀಸ್, ಕೆಂಡದಲ್ಲಿ ಸುಟ್ಟ ಮಾಂಸ. ಐರ್ಲೆಂಡಿನಲ್ಲಿ ಉಪ್ಪುಪ್ಪಾದ ಹಸಿ ಸಿಂಪಿಯ ಜತೆಗೂ ಕುಡಿಯುತ್ತಾರೆ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಖಾರದ ಕೋಳಿ ಸುಕ್ಕದ ಜತೆಗೆ ಡ್ರೈ ಸ್ಟೌಟ್ ಬೇಡ, ಉರಿ ಏರುತ್ತದೆ. ಅಲ್ಲಿ ಮಿಲ್ಕ್ ಸ್ಟೌಟ್‌ನ ಸಿಹಿ ಸಹಾಯಕ್ಕೆ ಬರುತ್ತದೆ.

ಇಷ್ಟಾದರೂ ಲೋಟ ಖಾಲಿಯಾಗದಿದ್ದರೆ ಮುಚ್ಚಿಟ್ಟು ಮರುದಿನ ಕುಡಿಯುವ ಯೋಚನೆ ಬೇಡ, ಅನಿಲ ಹೋದ ಸ್ಟೌಟ್ ತಣ್ಣನೆ ಕಷಾಯ. ಅರ್ಧ ಕಿಲೊ ಮಟನ್‌ಗೆ ಒಂದು ಲೋಟದಂತೆ ಹಾಕಿ, ಈರುಳ್ಳಿ, ಕ್ಯಾರೆಟ್ ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸಿ. ರಸ ತೀರಾ ಇಂಗಿಸಿದರೆ ಕಹಿ ಗಟ್ಟಿಯಾಗುತ್ತದೆ; ಆಗ ಚಿಟಿಕೆ ಬೆಲ್ಲ ಹಾಕಿದರೆ ಸರಿಹೋಗುತ್ತದೆ.