52 ನಿಮಿಷದ ದೀಪ

ಮೊದಲ ಬ್ಯಾಚಿನ ಮೇಜಿನ ದೀಪಗಳು ಹದಿನೈದು ದಿನ ತುಂಬುವ ಮೊದಲೇ ಖರ್ಚಾದವು. ನಾನು ಉಬ್ಬಿಹೋಗಿದ್ದೆ. ಎರಡನೆಯ ಬ್ಯಾಚಿಗೆ ತಗಡು ತರಲು ಹೊರಟಾಗ ನೋಡಿದರೆ ಕೈಯಲ್ಲಿ ಅದಕ್ಕೆ ಸಾಲುವಷ್ಟು ಹಣವೇ ಇಲ್ಲ. ಯಾರೂ ಬಾಕಿ ಉಳಿಸಿಕೊಂಡಿರಲಿಲ್ಲ. ನಾನು ಅದರಲ್ಲಿ ದುಂದು ಮಾಡಿಯೂ ಇರಲಿಲ್ಲ. ಸರಕು ಹೋಗಿತ್ತು, ಹಣ ಉಳಿದಿರಲಿಲ್ಲ, ಅಷ್ಟೇ.

ಬೆಲೆ ಕಟ್ಟಿದ ಬಗೆ ಇದು. ತಗಡು, ಎಲ್‌ಇಡಿ, ಅದಕ್ಕೆ ಹದವಾದ ವಿದ್ಯುತ್ ಕೊಡುವ ಡ್ರೈವರ್, ವೈರು, ಸ್ವಿಚ್ಚು, ತಿರುಪು ಎಲ್ಲ ಸೇರಿ ಒಂದು ದೀಪದ ಬಿಡಿಭಾಗಗಳಿಗೆ 100 ತಗಲುತ್ತದೆ ಎಂದಿಟ್ಟುಕೊಳ್ಳಿ. ಅದರ ಎರಡೂವರೆ ಪಟ್ಟು, ಅಂದರೆ 250ಕ್ಕೆ ಮಾರಿದೆ. ಎರಡೂವರೆಯೇ ಏಕೆ? ಎರಡು ಪಟ್ಟು ಕಡಿಮೆಯಾಯಿತು ಅನ್ನಿಸಿತು, ಮೂರು ಪಟ್ಟು ಎನ್ನಲು ನಾಚಿಕೆಯಾಯಿತು. ಇದಕ್ಕಿಂತ ಹೆಚ್ಚಿನ ಶಾಸ್ತ್ರವೇನೂ ಅದರ ಹಿಂದೆ ಇರಲಿಲ್ಲ.

ಎರಡನೆಯ ಬ್ಯಾಚನ್ನು ಸಾಲದ ಹಣದಲ್ಲಿ ಶುರು ಮಾಡಿದಾಗ ಮೇಜಿನ ಮೇಲೆ ಒಂದು ಸ್ಟಾಪ್‌ವಾಚ್ ಇಟ್ಟುಕೊಂಡೆ. ಒಂದು ದೀಪ ಜೋಡಿಸಲು ಇಪ್ಪತ್ತು ನಿಮಿಷ ಸಾಕು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಗಡಿಯಾರ ಹೇಳಿದ್ದು 52. ಜೋಡಣೆ ನಿಜಕ್ಕೂ ಇಪ್ಪತ್ತರಲ್ಲಿ ಮುಗಿಯುತ್ತಿತ್ತು. ಉಳಿದದ್ದು ಒರೆಸುವುದು, ಬೆಳಗಿಸಿ ಪರೀಕ್ಷಿಸುವುದು, ಪೆಟ್ಟಿಗೆ ಮಡಿಸುವುದು, ಬಿದ್ದ ತಿರುಪು ಹುಡುಕುವುದು.

ಅದರಲ್ಲಿ ಒಂಬತ್ತು ನಿಮಿಷ ಒಂದೇ ಕೆಲಸಕ್ಕೆ ಹೋಗುತ್ತಿತ್ತು. ದೀಪದ ತಳದಲ್ಲಿ ತಿರುಪು ಕೂರುವ ಆರು ತೂತುಗಳಿವೆ. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಎರಚಿ ಶಾಖದಲ್ಲಿ ಕೂರಿಸುವುದು) ಆಗಿ ಬಂದಾಗ ಆ ತೂತುಗಳ ಥ್ರೆಡ್‌ನೊಳಗೂ ಬಣ್ಣ ಕೂತಿರುತ್ತದೆ, ತಿರುಪು ಎರಡು ಸುತ್ತಿಗೆ ಕಚ್ಚಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಮತ್ತೆ ಟ್ಯಾಪ್ (ತೂತಿನೊಳಗೆ ತಿರುಪಿನ ಗೆರೆ ಕೊರೆಯುವ ಉಪಕರಣ) ಹಾಕಿ ಬಿಡಿಸಬೇಕು. ಕೈ ಸ್ವಲ್ಪ ಜಾರಿದರೆ ಟ್ಯಾಪಿನ ತುದಿ ಹೊಸ ಬಣ್ಣದ ಮೇಲೆ ಗೆರೆ ಎಳೆಯುತ್ತದೆ, ಆ ದೀಪ ಮಾರುವಂತಿಲ್ಲ. ನಲವತ್ತಕ್ಕೆ ಕೈಹಾಕಿದ್ದೆ, ಮಾರಾಟಕ್ಕೆ ಸಿಕ್ಕಿದ್ದು 35. ಕೆಟ್ಟ ಐದರಲ್ಲಿ ನಾಲ್ಕು ಹೀಗೆ ಗೀರು ಬಿದ್ದವು.

ಲೆಕ್ಕ ಹೊಸದಾಗಿ ಹಾಕಿದೆ. ಬಿಡಿಭಾಗ 100. ಕತ್ತರಿಸುವುದು, ಬಗ್ಗಿಸುವುದು, ಬಣ್ಣ ಸೇರಿ 60. 52 ನಿಮಿಷದ ಕೂಲಿ, ಬೇರೆಯವರಿಂದ ಮಾಡಿಸಿದ್ದರೆ ಎಷ್ಟು ಕೊಡುತ್ತಿದ್ದೆನೋ ಅಷ್ಟು, 65. ಪೆಟ್ಟಿಗೆಗೆ 14. ಒಟ್ಟು 239. ಕೆಟ್ಟ ಐದರ ಖರ್ಚನ್ನೂ ಒಳ್ಳೆಯ 35 ದೀಪಗಳೇ ಹೊರಬೇಕಲ್ಲ, ಹಾಗಾಗಿ 239ನ್ನು 0.875ರಿಂದ (ನಲವತ್ತರಲ್ಲಿ 35) ಭಾಗಿಸಿದರೆ 273. ಬಾಡಿಗೆ, ಉಪಕರಣಗಳ ಸವಕಳಿ, ಕೆಟ್ಟು ವಾಪಸಾದರೆ ಬದಲಿ ಕೊಡಲು ಎತ್ತಿಟ್ಟದ್ದು 27. ಅಲ್ಲಿಗೆ ಅಸಲೇ 300. ಹೋದ ಪ್ರತಿ ದೀಪದ ಜೊತೆಗೆ ನನ್ನ 50 ಕೂಡ ಮಡಿಸಿ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದೆ.

ಅಂಗಡಿಯವರ ಪಾಲು ಬೇರೆ. ಮಾರಿದ ಬೆಲೆಯಲ್ಲಿ ಶೇ 40 ಅವರಿಗೆ ಎಂದು ಒಬ್ಬರು ಕೇಳಿದ್ದರು. 300ಕ್ಕೆ ಶೇ 40 ಸೇರಿಸಿ 420 ಎಂದು ಬರೆದುಕೊಂಡು ಹೋದೆ. 420ರಲ್ಲಿ ಶೇ 40 ಎಂದರೆ 168. ನನಗೆ ಉಳಿಯುವುದು 252. ಅಸಲೂ ಗಿಟ್ಟುವುದಿಲ್ಲ. ಸೇರಿಸುವುದಲ್ಲ, 0.6ರಿಂದ ಭಾಗಿಸಬೇಕು ಎಂಬುದು ಅಂಗಡಿಯವರ ಎದುರಿಗೇ ಹೊಳೆಯಿತು. ಮುಂದಿನ ಬ್ಯಾಚಿಗೆಂದು ಶೇ 15 ಲಾಭವಿಟ್ಟು 345, ಅದನ್ನು ಭಾಗಿಸಿ 575. ನನ್ನಿಂದ ನೇರವಾಗಿ ಕೊಂಡರೂ ಅದೇ ಬೆಲೆ. ಅಂಗಡಿಯಲ್ಲಿ ಮುಟ್ಟಿ ನೋಡಿ ಮೆಚ್ಚಿದವರನ್ನು ಹಿಂಬಾಗಿಲಿನಿಂದ ಕಡಿಮೆ ಬೆಲೆಗೆ ಕರೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

575ಕ್ಕೆ ದೀಪಗಳು ಹೋದವು, ಆದರೆ ಏಳು ತಿಂಗಳು ಹಿಡಿಯಿತು. ಹಳೆಯ ಗ್ರಾಹಕರೊಬ್ಬರು "ಹೋದ ಸಲದ್ದರ ಎರಡರಷ್ಟಕ್ಕಿಂತ ಹೆಚ್ಚಾಯಿತಲ್ಲ" ಎಂದು ಬರೆದರು. ಮೇಲಿನ ಲೆಕ್ಕವನ್ನೇ ಅವರಿಗೆ ಕಳಿಸಿದೆ. ಅವರು ಕೊಳ್ಳಲಿಲ್ಲ, ಆದರೆ ಒಂದು ಪ್ರಶ್ನೆ ಕೇಳಿದರು: ನಾಲ್ಕು ಬಣ್ಣ ಏಕೆ?

ಒಳ್ಳೆಯ ಪ್ರಶ್ನೆ. ಗ್ರಾಹಕರಿಗೆ ಆಯ್ಕೆ ಇರಲಿ ಎಂಬ ಉದಾರಬುದ್ಧಿ ನನ್ನದು. ಬಣ್ಣ ಬದಲಿಸುವಾಗ ಕೋಟಿಂಗ್ ಮಾಡುವವರು ಪುಡಿ ಎರಚುವ ಗನ್ನನ್ನೂ ಬೂತನ್ನೂ ಪೂರ್ತಿ ಸ್ವಚ್ಛ ಮಾಡಬೇಕು, ಇಲ್ಲವಾದರೆ ಬಿಳಿಯ ಮೇಲೆ ಕಪ್ಪು ಚುಕ್ಕೆ ಬರುತ್ತದೆ. ಹತ್ತು ದೀಪಕ್ಕಾದರೂ ಇನ್ನೂರಕ್ಕಾದರೂ ಆ ಶ್ರಮ ಒಂದೇ, ಅವರು ಹಾಕುವ ಶುಲ್ಕವೂ ಒಂದೇ. ಬಣ್ಣ ಎರಡಕ್ಕೆ ಇಳಿಸಿದೆ, ದೀಪವೊಂದಕ್ಕೆ 8 ಉಳಿಯಿತು. ಹಸಿರು ಬೇಕಿತ್ತು ಎಂದು ಇಬ್ಬರು ಕೇಳಿದರು, ಅಷ್ಟೇ.

ತೂತುಗಳಿಗೆ ಮದ್ದು ಇನ್ನೂ ಸರಳ. ಬಣ್ಣಕ್ಕೆ ಕಳಿಸುವ ಮೊದಲೇ ಶಾಖ ತಡೆಯುವ ಸಿಲಿಕೋನ್ ಬಿರಡೆ ತುರುಕಿ, ಬಂದ ಮೇಲೆ ಕಿತ್ತರಾಯಿತು; ಅದೇ ಬಿರಡೆಗಳು ಮತ್ತೆ ಮತ್ತೆ ಬರುತ್ತವೆ. ವೈರನ್ನು ಬೆಸುಗೆ ಹಾಕುವ ಬದಲು ಒತ್ತಿ ಕೂರಿಸುವ ಟರ್ಮಿನಲ್ ಹಾಕಿದೆ, ಬಿಡಿಭಾಗದ ಖರ್ಚು 103 ಆಯಿತು. ಕೆಲಸ 34 ನಿಮಿಷಕ್ಕೆ ಇಳಿಯಿತು, ನಲವತ್ತರಲ್ಲಿ 38 ಉಳಿದವು. ಅದೇ ಕ್ರಮದಲ್ಲಿ ಲೆಕ್ಕ ಹಾಕಿದರೆ 478 ಬಂತು, 480 ಎಂದು ಇಟ್ಟೆ.

ಕೈ ಪಳಗಿದಂತೆ ನಿಮಿಷಗಳು ತಾನೇ ಇಳಿಯುತ್ತವೆ, ಈಗಲೇ ಕಡಿಮೆ ಬೆಲೆ ಇಡು ಎಂದವರಿದ್ದಾರೆ. ಅಮೆರಿಕದ ವಿಮಾನ ಎಂಜಿನಿಯರ್ ಟಿ.ಪಿ. ರೈಟ್ 1936ರಲ್ಲಿ ವಿಮಾನ ತಯಾರಿಕೆಯ ಬಗ್ಗೆ ಇಂಥದ್ದನ್ನೇ ಬರೆದಿದ್ದರು: ಒಟ್ಟು ತಯಾರಿಕೆ ಇಮ್ಮಡಿಯಾದಾಗಲೆಲ್ಲ ಒಂದರ ಸರಾಸರಿ ಶ್ರಮ ಸುಮಾರು ಶೇ 80ಕ್ಕೆ ಇಳಿಯುತ್ತದೆ. ಆದರೆ ಅಲ್ಲಿ ಕೆಲಸ ಎಡೆಬಿಡದೆ ನಡೆಯುತ್ತದೆ. ನನ್ನ ಎರಡು ಬ್ಯಾಚುಗಳ ನಡುವೆ ತಿಂಗಳುಗಟ್ಟಲೆ ಅಂತರವಿದ್ದು, ಮೊದಲ ಐದು ದೀಪಗಳಲ್ಲಿ ಕೈ ಎಲ್ಲವನ್ನೂ ಮರೆತಿರುತ್ತದೆ. ಅಳೆದ ನಿಮಿಷಕ್ಕೇ ಬೆಲೆ ಹಾಕುತ್ತೇನೆ, ಆಸೆಯ ನಿಮಿಷಕ್ಕಲ್ಲ.

ಹತ್ತು ಕೊಂಡರೆ ಎಷ್ಟು ಬಿಡುತ್ತೀರಿ ಎಂದು ಈಗಲೂ ಕೇಳುತ್ತಾರೆ. ಬ್ಯಾಚ್ ಶುರುವಾಗುವ ಮೊದಲು ಹೇಳಿದರೆ ಬಣ್ಣದ ಶುಲ್ಕ ನಲವತ್ತರ ಬದಲು ಐವತ್ತಕ್ಕೆ ಹಂಚಿಹೋಗುತ್ತದೆ, ಆ ಉಳಿತಾಯವನ್ನು ಕೊಡುತ್ತೇನೆ. ಕಪಾಟಿನಲ್ಲಿ ಸಿದ್ಧವಾಗಿ ಕೂತ ಹತ್ತನ್ನು ಕೇಳಿದರೆ, ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದಾಗ ಉಳಿಯುವ ರಟ್ಟಿನ ಖರ್ಚನ್ನಷ್ಟೇ ಬಿಡಬಲ್ಲೆ.